ಹಳೆಯ ಮನೆಯ ನವೀಕರಣ: ಪರವಾನಗಿಯ ಕೆಲಸವನ್ನು ಗುತ್ತಿಗೆದಾರರಿಗೆ ಒಪ್ಪಿಸುವ ಮುನ್ನ

ವರ್ಗಾವಣೆಯಾಗಿಯೋ ಹೊಸ ಉದ್ಯೋಗ ಹಿಡಿದೋ ಕಲಬುರಗಿಗೆ ಬಂದು, ಇಲ್ಲಿಯೇ ನೆಲೆಸುವ ಮನಸ್ಸಿನಿಂದ ಹಳೆಯ ಮನೆ ಕೊಂಡ ಕುಟುಂಬದವರು ಮಹಾನಗರ ಪಾಲಿಕೆಯ ಕಟ್ಟಡ ಪರವಾನಗಿಯನ್ನು ಗುತ್ತಿಗೆದಾರರೇ ತಂದುಕೊಡುವರೇ ಎಂದು ನಮ್ಮ ಸಂಘದಲ್ಲಿ ವಿಚಾರಿಸುತ್ತಾರೆ. ಓಡಾಟವನ್ನು ಅವರಿಗೆ ಒಪ್ಪಿಸಬಹುದು, ಹೊಣೆಯನ್ನಲ್ಲ. 1976ರ ಕರ್ನಾಟಕ ಪೌರ ನಿಗಮಗಳ ಅಧಿನಿಯಮದಂತೆ, ಪರವಾನಗಿ ಇಲ್ಲದೆ ಅಥವಾ ಮಂಜೂರಾದ ನಕ್ಷೆಯನ್ನು ಮೀರಿ ಕಟ್ಟಿದ ಭಾಗವನ್ನು ಕೆಡವಲು 321ನೇ ಪ್ರಕರಣದಡಿ ಮಾಲೀಕರಿಗೇ ಆದೇಶ ನೀಡಲು ಅವಕಾಶವಿದೆ. ಅಷ್ಟರಲ್ಲಿ ಗುತ್ತಿಗೆದಾರರು ಹಣ ಪಡೆದು ಬೇರೆ ಕೆಲಸಕ್ಕೆ ಹೋಗಿರಬಹುದು.

ಸುಣ್ಣಬಣ್ಣ, ಗಿಲಾವು, ಫರಸಿ ಬದಲಾವಣೆಯಂಥ ಕೆಲಸಗಳಿಗೆ ಸಾಮಾನ್ಯವಾಗಿ ಪರವಾನಗಿ ಬೇಕಾಗುವುದಿಲ್ಲ. ಆದರೆ ಇಲ್ಲಿನ ಹಳೆಯ ಬಡಾವಣೆಗಳ ಎಷ್ಟೋ ಮನೆಗಳಲ್ಲಿ ಮಾಳಿಗೆಯ ಭಾರವನ್ನೆಲ್ಲ ದಪ್ಪ ಕಲ್ಲಿನ ಗೋಡೆಗಳೇ ಹೊತ್ತಿರುವುದರಿಂದ, ಪಡಸಾಲೆ ದೊಡ್ಡದಾಗಲೆಂದು ನಡುಗೋಡೆ ಒಡೆಯುವುದು, ಜಂತಿ ಇಳಿಸಿ ಆರ್‌ಸಿಸಿ ಹಾಕುವುದು, ಮೇಲೊಂದು ಅಂತಸ್ತು ಏರಿಸುವುದು ಇವು ಯಾವುವೂ ಬರಿಯ ದುರಸ್ತಿಯಲ್ಲ. 'ಇದು ರಿಪೇರಿ ಅಷ್ಟೇ, ಪರ್ಮಿಷನ್ ಬೇಡ' ಎಂಬ ಮಾತನ್ನು ಗೌಂಡಿಯವರಿಂದಲೋ ಗುತ್ತಿಗೆದಾರರಿಂದಲೋ ಕೇಳಿದಾಗ, ಅವರ ಮೇಲೆ ಎಷ್ಟೇ ನಂಬಿಕೆಯಿದ್ದರೂ, ಒಬ್ಬ ಇಂಜಿನಿಯರರಿಗೆ ಮನೆ ತೋರಿಸಿ ಬರವಣಿಗೆಯಲ್ಲಿ ಅಭಿಪ್ರಾಯ ಪಡೆಯುವುದು ಅಗತ್ಯ. ಗೋಡೆ ಕುಸಿದರೆ ಅಪಾಯ ನಿಮ್ಮ ಮನೆಯವರಿಗಷ್ಟೇ ಅಲ್ಲ, ಒಂದೇ ಗೋಡೆಯನ್ನು ಹಂಚಿಕೊಂಡ ನೆರೆಯವರಿಗೂ ಇದೆ.

ನಕ್ಷೆ ಸಿದ್ಧಪಡಿಸಿ ಆನ್‌ಲೈನಿನಲ್ಲಿ ಸಲ್ಲಿಸುವವರು ನೋಂದಾಯಿತ ಇಂಜಿನಿಯರ್ ಅಥವಾ ಆರ್ಕಿಟೆಕ್ಟ್. ಗುತ್ತಿಗೆದಾರರು ಸಾಮಾನ್ಯವಾಗಿ ಅವರನ್ನು ಗೊತ್ತುಮಾಡಿ ಕಡತದ ಬೆನ್ನುಹತ್ತುವವರು. ಆದ್ದರಿಂದ ಆ ಇಂಜಿನಿಯರರ ಹೆಸರು ಮತ್ತು ನೋಂದಣಿ ಸಂಖ್ಯೆಯನ್ನು ಮೊದಲೇ ಕೇಳಿ ಪಡೆಯಿರಿ, ಅರ್ಜಿಯಲ್ಲಿ ನಿಮ್ಮದೇ ಮೊಬೈಲ್ ಸಂಖ್ಯೆ ಇರಲಿ. ಕ್ರಯಪತ್ರ, ಇ-ಖಾತಾ, ಋಣಭಾರ ಪತ್ರ ಹಾಗೂ ಆಸ್ತಿ ತೆರಿಗೆಯ ರಸೀದಿಗಳ ನಕಲುಗಳನ್ನಷ್ಟೇ ಕೊಡಿ, ಮೂಲಪ್ರತಿಗಳನ್ನು ಕೈಬಿಡಬೇಡಿ. ಖಾತಾ ಇನ್ನೂ ಮಾರಿದವರ ಹೆಸರಿನಲ್ಲೇ ಉಳಿದಿದ್ದರೆ ಅದನ್ನು ಮೊದಲು ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಬೇಕು. ಖಾಲಿ ಕಾಗದದ ಮೇಲೆ ಎಂದಿಗೂ ಸಹಿ ಹಾಕಬೇಡಿ. ಅಧಿಕಾರ ಪತ್ರ ಬರೆದುಕೊಡುವುದಾದರೆ, ಅರ್ಜಿ ಸಲ್ಲಿಸಿ ಅದರ ವಿಚಾರಣೆ ಮಾಡುವಷ್ಟಕ್ಕೆ ಮಾತ್ರ ಬರೆದುಕೊಡಿ.

ಪಾಲಿಕೆಯ ಶುಲ್ಕವನ್ನು ನೀವೇ ಪಾವತಿಸಿ ರಸೀದಿ ಇಟ್ಟುಕೊಳ್ಳುವುದು ನಮ್ಮ ಒತ್ತಾಯದ ಸಲಹೆ. 'ಎಲ್ಲ ಸೇರಿ ಇಷ್ಟು' ಎಂಬ ಒಂದೇ ಮೊತ್ತದಲ್ಲಿ ಸರಕಾರಕ್ಕೆ ಹೋದದ್ದೆಷ್ಟು, ಓಡಾಟಕ್ಕೆ ಸಂದದ್ದೆಷ್ಟು ಎಂಬುದು ತಿಳಿಯುವುದೇ ಇಲ್ಲ. ಸ್ವಂತ ವಾಸದ ಮನೆಯ ಕಾಮಗಾರಿಯ ವೆಚ್ಚ 50 ಲಕ್ಷ ರೂಪಾಯಿ ಮೀರಿದರೆ (2025ರ ನವೆಂಬರ್‌ವರೆಗೆ ಈ ಮಿತಿ 10 ಲಕ್ಷವಿತ್ತು) ಕಟ್ಟಡ ಕಾರ್ಮಿಕರ ಕಲ್ಯಾಣಕ್ಕಾಗಿ ಪಡೆಯುವ ಕಾರ್ಮಿಕ ಸೆಸ್ ಕೂಡ ಬರುತ್ತದೆ. ಪರವಾನಗಿ ಪತ್ರ ಕೈಗೆ ಬರುವ ತನಕ ಒಡೆಯುವ ಕೆಲಸ ಆರಂಭಿಸಕೂಡದು, ಮೊದಲ ದೊಡ್ಡ ಕಂತನ್ನು ಕೇಳಕೂಡದು ಎಂಬ ಷರತ್ತನ್ನು ಕರಾರಿನಲ್ಲಿ ಬರೆಸಿರಿ.

ಕಲಬುರಗಿಯ ಕೋಟೆಯ ಅಥವಾ ಬಹಮನಿ ಅರಸರ ಗೋರಿಗಳಿರುವ ಹಫ್ತ್ ಗುಂಬಜ್‌ನ ಸಮೀಪ ಮನೆ ಕೊಂಡವರು, ಹಾಗೆಯೇ ಬೀದರಿನಲ್ಲಿ ಕೋಟೆ ಮತ್ತು ಮಹಮೂದ್ ಗವಾನ್ ಮದರಸಾದ ಸುತ್ತ ಇರುವವರು ಇನ್ನೊಂದು ಅನುಮತಿಯ ಬಗ್ಗೆ ಯೋಚಿಸಬೇಕು. ಕೇಂದ್ರ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ (ಅನುಮತಿ ಪಡೆದೇ ಕಟ್ಟಬೇಕಾದ) ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸದಾಗಿ ಕಟ್ಟುವಂತಿಲ್ಲ. 1992ರ ಜೂನ್ 16ಕ್ಕೂ ಹಿಂದಿನ ಮನೆಯಾದರೆ ದುರಸ್ತಿ ಮತ್ತು ನವೀಕರಣಕ್ಕೆ, ಕೇಂದ್ರದ ಸ್ಮಾರಕ ಕಾಯ್ದೆಯಡಿ ಇಂಥ ಅರ್ಜಿಗಳಿಗೆಂದು ನೇಮಿಸಿದ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಪಾಲಿಕೆಯ ಪರವಾನಗಿಯೊಂದೇ ಇಲ್ಲಿ ಸಾಲದು. ಮನೆಯ ವಯಸ್ಸನ್ನು ತೋರಿಸುವ ಹಳೆಯ ತೆರಿಗೆ ರಸೀದಿ, ಹಿಂದಿನ ಕ್ರಯಪತ್ರಗಳನ್ನು ಮಾರುವವರಿಂದ ಕೊಳ್ಳುವಾಗಲೇ ಪಡೆದುಕೊಳ್ಳಿ, ಆಮೇಲೆ ಅವರನ್ನು ಹುಡುಕುವುದು ಕಷ್ಟ.

ಮಂಜೂರಾದ ನಕ್ಷೆಯ ಒಂದು ಪ್ರತಿಯನ್ನು ಕೆಲಸದ ಜಾಗದಲ್ಲಿ ಇಟ್ಟಿರಬೇಕು. ಕೆಲಸದ ನಡುವೆ ಮೆಟ್ಟಿಲಿನ ಜಾಗವನ್ನೋ ಹೊರಗೋಡೆಯ ಅಳತೆಯನ್ನೋ ಬದಲಿಸಬೇಕೆನಿಸಿದರೆ, ಮೇಸ್ತ್ರಿಗೆ ಹೇಳುವ ಮೊದಲು ನಕ್ಷೆ ಬರೆದ ಇಂಜಿನಿಯರರಿಗೆ ತಿಳಿಸಿ, ಪರಿಷ್ಕೃತ ನಕ್ಷೆಗೆ ಮಂಜೂರಾತಿ ಬೇಕೇ ಎಂದು ಕೇಳಿ ಮುಂದುವರಿಯಿರಿ.