ಉತ್ತರ ಸಿಗದ ಪತ್ರಗಳನ್ನು ನಾನು ಓದುವ ಬಗೆ

ಲೇಖಕರು ಸಂಪಾದಕರಿಗೆ ಬರೆದ ಪತ್ರವನ್ನು ಓದುವಾಗ ಅಚ್ಚಾದ ಪುಟ ಪಕ್ಕದಲ್ಲಿ ಇರಲೇಬೇಕು. ಇದು ನಾನು ಹಾಕಿಕೊಂಡಿರುವ ನಿಯಮ. ಪತ್ರವೊಂದನ್ನೇ ಓದಿದರೆ ಸಿಟ್ಟು ಕಾಣುತ್ತದೆ, ಸಿಟ್ಟಿನ ಮೂಲ ಕಾಣುವುದಿಲ್ಲ. ವಾರಪತ್ರಿಕೆಯೊಂದರಲ್ಲಿ ಬೇರೆಯವರ ಬರಹ ತಿದ್ದುವುದೇ ನನ್ನ ಕೆಲಸವಾದ್ದರಿಂದಲೋ ಏನೋ, 19ನೇ ಶತಮಾನದ ಅಮೆರಿಕದ ಲೇಖಕರು ಪತ್ರಿಕೆಯವರೊಂದಿಗೆ ನಡೆಸಿದ ಪತ್ರವ್ಯವಹಾರ ನನ್ನನ್ನು ಹಿಡಿದು ಕೂರಿಸಿತು. ರಾತ್ರಿ ಊಟವಾದ ಮೇಲೆ ಹಸ್ತಪ್ರತಿಗಳ ಚಿತ್ರ ತೆರೆದುಕೊಂಡು, ಒಂದೊಂದೇ ಸಾಲು ನಕಲು ಮಾಡಿಕೊಳ್ಳುತ್ತ ಈ ಓದು ಬೆಳೆದಿದೆ.

ಶುರು ಮಾಡಿದ್ದು ಹೆನ್ರಿ ಡೇವಿಡ್ ಥೋರೋನಿಂದ. ಬಾಸ್ಟನ್ನಿನ 'ಅಟ್ಲಾಂಟಿಕ್ ಮಂತ್ಲಿ' 1857ರ ನವೆಂಬರಿನಲ್ಲಿ ಹುಟ್ಟಿದ ಮಾಸಪತ್ರಿಕೆ, ಅದರ ಮೊದಲ ಸಂಪಾದಕ ಕವಿ ಜೇಮ್ಸ್ ರಸೆಲ್ ಲೋವೆಲ್. ಮೇನ್ ಪ್ರಾಂತ್ಯದ ಕಾಡಿನಲ್ಲಿ ತಿರುಗಾಡಿದ್ದನ್ನು ಥೋರೋ 'ಚೆಸನ್‌ಕುಕ್' ಎಂಬ ಹೆಸರಿನಲ್ಲಿ ಬರೆದುಕೊಟ್ಟಿದ್ದ. ಅದು 1858ರ ಜೂನ್, ಜುಲೈ, ಆಗಸ್ಟ್ ಸಂಚಿಕೆಗಳಲ್ಲಿ ಮೂರು ಕಂತುಗಳಾಗಿ ಬಂತು. ಜೂನ್ 22ರಂದು ಲೋವೆಲ್‌ಗೆ ಅವನು ಬರೆದ ಪತ್ರದಲ್ಲಿ ದೂರು ಎಷ್ಟು ನಿಖರವಾಗಿದೆ ನೋಡಿ: ಪುಟ 230, ಮೇಲಿನಿಂದ ಹತ್ತನೆಯ ಸಾಲು, ಇಂಥ ಪದಗಳಾದ ಮೇಲೆ ಇರಬೇಕಿದ್ದ ಒಂದು ವಾಕ್ಯ ಇಲ್ಲ. ಪೈನ್ ಮರವೂ ನನ್ನಷ್ಟೇ ಅಮರ, ಬಹುಶಃ ಅದೂ ನನ್ನಷ್ಟೇ ಎತ್ತರದ ಸ್ವರ್ಗಕ್ಕೆ ಹೋಗಿ ಅಲ್ಲಿಯೂ ನನಗಿಂತ ಎತ್ತರಕ್ಕೆ ನಿಂತೀತು ಎನ್ನುವ ವಾಕ್ಯ ಅದು.

ಜುಲೈ ಸಂಚಿಕೆಯ 230ನೇ ಪುಟವನ್ನು ನಾನು ಪತ್ರದ ಪಕ್ಕಕ್ಕಿಟ್ಟುಕೊಂಡೆ. ಮರದೊಳಗಿನ ಜೀವಂತ ಚೈತನ್ಯವೇ ನನ್ನ ಗಾಯಗಳನ್ನು ಮಾಯಿಸುತ್ತದೆ ಎಂಬಲ್ಲಿಗೆ ಪ್ಯಾರಾ ಮುಗಿಯುತ್ತದೆ. ಓದುಗನಿಗೆ ಏನೂ ಕೊರತೆ ಅನ್ನಿಸುವುದಿಲ್ಲ. ಕತ್ತರಿಸಿದ ಗುರುತೇ ಇಲ್ಲದ ಹಾಗೆ ಕತ್ತರಿಸಿದ್ದಾರೆ. ಪ್ಯಾರಾದ ಕೊನೆಯ ವಾಕ್ಯ ತೆಗೆಯುವುದು ಎಷ್ಟು ಸಲೀಸು ಎನ್ನುವುದು ನಮ್ಮ ಕಸುಬಿನವರಿಗೆಲ್ಲ ಗೊತ್ತು. ಆ ಪತ್ರ ಉಳಿಯದೆ ಹೋಗಿದ್ದರೆ ಈ ಜಗಳದ ಸುಳಿವೇ ನಮಗೆ ಇರುತ್ತಿರಲಿಲ್ಲ.

ಥೋರೋಗೆ ಹೆಚ್ಚು ನೋವಾದದ್ದು ಇನ್ನೊಂದು ಕಾರಣಕ್ಕೆ. ಪ್ರೂಫ್ ಅವನ ಕೈಗೆ ಬಂದಾಗಲೇ ಆ ವಾಕ್ಯಕ್ಕೆ ಗೀಟು ಬಿದ್ದಿತ್ತು. ಅವನು ಅಂಚಿನಲ್ಲಿ 'ಸ್ಟೆಟ್' ಎಂದು ಬರೆದು, ಇದ್ದದ್ದು ಇದ್ದಂತೆಯೇ ಇರಲಿ ಎಂದು ಸೂಚಿಸಿ ವಾಪಸು ಕಳಿಸಿದ್ದ. ತನಗೆ ಅಷ್ಟೇನೂ ಮುಖ್ಯವಲ್ಲದ ಕಡೆಗಳಲ್ಲಿ ಆ ಸೂಚನೆ ಪಾಲಿಸಿ, ಇಲ್ಲಿ ಮಾತ್ರ ಕೈಬಿಟ್ಟಿದ್ದಾರೆ ಎನ್ನುವುದು ಅವನ ಆರೋಪ. ನನ್ನ ಅಭಿಪ್ರಾಯ ಒಪ್ಪಿ ಅಂತ ನಾನು ಯಾರನ್ನೂ ಕೇಳುವುದಿಲ್ಲ, ಅಚ್ಚು ಹಾಕುತ್ತೇವೆ ಎಂದು ಕೇಳಿ ಪಡೆದ ಮೇಲೆ ಹಾಗೆಯೇ ಹಾಕಬೇಕು, ಇಲ್ಲವೇ ಬದಲಾಯಿಸಲು ನನ್ನ ಒಪ್ಪಿಗೆ ಪಡೆಯಬೇಕು ಎನ್ನುತ್ತಾನೆ. ಪ್ರೂಫ್ ತಿದ್ದುವ ನಾನು ಈ ಪತ್ರವನ್ನು ಎಷ್ಟು ಸಲ ಓದಿದರೂ ಥೋರೋನ ಪಕ್ಷವನ್ನೇ ವಹಿಸುತ್ತೇನೆ.

ಲೋವೆಲ್ ಸಂಪಾದಕನಾಗಿರುವವರೆಗೆ ಥೋರೋ ಆ ಪತ್ರಿಕೆಗೆ ಮತ್ತೆ ಬರೆಯಲಿಲ್ಲ. 1861ರಲ್ಲಿ ಪ್ರಕಾಶಕ ಜೇಮ್ಸ್ ಟಿ. ಫೀಲ್ಡ್ಸ್ ಆ ಕುರ್ಚಿಗೆ ಬಂದು ಲೇಖನ ಕೇಳಿದ. 1862ರ ಫೆಬ್ರವರಿ 11ರ ಉತ್ತರ ಇದೆ. ಕೈಬರಹ ಥೋರೋನದಲ್ಲ, ತಂಗಿ ಸೋಫಿಯಾಳದು. ಅವನು ಹಾಸಿಗೆ ಹಿಡಿದಿದ್ದ, ಆಕೆ ಅವನ ಪರವಾಗಿ ಬರೆದು ಸಹಿ ಹಾಕಿದ್ದಾಳೆ. ಕಾಯಿಲೆಯಿಂದಾಗಿ ಉತ್ತರ ತಡವಾಯಿತು ಎಂದು ಹೇಳಿದ ಬೆನ್ನಿಗೇ ಎಷ್ಟು ಕೊಡುತ್ತೀರಿ, ಒಮ್ಮೆಗೆ ಎಷ್ಟು ಪುಟ ಹಾಕಬಲ್ಲಿರಿ ಎನ್ನುವ ಪ್ರಶ್ನೆಗಳು. ಆಮೇಲೆ ಷರತ್ತು: ನನ್ನ ಒಪ್ಪಿಗೆಯಿಲ್ಲದೆ ಒಂದು ಭಾವವನ್ನಾಗಲಿ ಒಂದು ವಾಕ್ಯವನ್ನಾಗಲಿ ಬದಲಾಯಿಸಕೂಡದು, ಬಿಡಕೂಡದು. ಈ ಪತ್ರವೊಂದನ್ನೇ ಓದಿದವರಿಗೆ ಇದು ಸಾಮಾನ್ಯ ವ್ಯವಹಾರದ ಮಾತು. ಪುಟ 230 ಕಂಡವರಿಗೆ ಹಾಗನ್ನಿಸುವುದಿಲ್ಲ. ಮೇ 6ರಂದು ಅವನು ತೀರಿಕೊಂಡ. ಪೈನ್ ಮರದ ವಾಕ್ಯ, 1864ರಲ್ಲಿ ಆ ಬರಹ ಪುಸ್ತಕರೂಪದಲ್ಲಿ ಬಂದಾಗ, ತನ್ನ ಜಾಗಕ್ಕೆ ಮರಳಿತು.

ಕೈಬರಹದ ಬಗ್ಗೆ ಸ್ವಲ್ಪ ಹೇಳಬೇಕು, ಹೊಸಬರು ಕೈಚೆಲ್ಲುವುದು ಇಲ್ಲಿಯೇ. ಖಚಿತವಾಗಿ ಗೊತ್ತಿರುವ ಪದಗಳಿಂದ, ಅಂದರೆ ಊರಿನ ಹೆಸರು, ತಿಂಗಳು, ಸಂಬೋಧನೆ, ಸಹಿ, ಇವುಗಳಿಂದ ಒಂದೊಂದು ಅಕ್ಷರದ ಆಕಾರ ಎತ್ತಿ ಪ್ರತಿ ಲೇಖಕನಿಗೂ ಒಂದು ಅಕ್ಷರಮಾಲೆಯ ಹಾಳೆ ಮಾಡಿಕೊಳ್ಳುತ್ತೇನೆ. ತಿಳಿಯದ ಪದವನ್ನು ಅದಕ್ಕೆ ಹೋಲಿಸಿ ನೋಡುತ್ತೇನೆ. ಮೂಲದಲ್ಲಿ ಸಾಲು ಮುರಿದಲ್ಲೇ ನಾನೂ ಮುರಿಯುತ್ತೇನೆ. ಅರ್ಥ ಊಹಿಸಿ ಪದ ತುಂಬುವುದಿಲ್ಲ, ಜಾಗ ಖಾಲಿ ಬಿಟ್ಟು ಮುಂದೆ ಹೋಗುತ್ತೇನೆ.

ಕವಿ ಎಮಿಲಿ ಡಿಕಿನ್ಸನ್‌ಳ ಪತ್ರಗಳಿಗೆ ಈ ಹಾಳೆ ತುಂಬ ಬೇಕಾಯಿತು. ಅವುಗಳನ್ನು ಪಡೆದ ಲೇಖಕ ಥಾಮಸ್ ವೆಂಟ್‌ವರ್ತ್ ಹಿಗಿನ್ಸನ್‌ನೇ, ಆಕೆಯ ಊರಾದ ಆಮ್‌ಹರ್ಸ್ಟ್‌ನ ಕಾಲೇಜು ಸಂಗ್ರಹಾಲಯದಲ್ಲಿರುವ ಪಕ್ಷಿಹೆಜ್ಜೆಗಳ ಪಳೆಯುಳಿಕೆ ನೋಡಿ ಈಕೆ ಅಕ್ಷರ ಕಲಿತಿರಬೇಕು ಎಂದು ಬರೆದಿದ್ದ. 1862ರ ಏಪ್ರಿಲ್ ಸಂಚಿಕೆಯ 'ಅಟ್ಲಾಂಟಿಕ್'ನಲ್ಲಿ ಅವನು ಎಳೆಯ ಬರಹಗಾರರನ್ನು ಉದ್ದೇಶಿಸಿ ಲೇಖನ ಬರೆದಿದ್ದ. ಅದನ್ನು ಓದಿದ ಎಮಿಲಿ ಆಮ್‌ಹರ್ಸ್ಟ್‌ನಿಂದ ನಾಲ್ಕು ಕವಿತೆಗಳೊಂದಿಗೆ ಬರೆದ ಪತ್ರ ಏಪ್ರಿಲ್ 16ರಂದು ವೂಸ್ಟರ್‌ನಲ್ಲಿ ಅವನ ಕೈಸೇರಿತು. ನನ್ನ ಪದ್ಯಕ್ಕೆ ಜೀವ ಇದೆಯೇ ಹೇಳುವಷ್ಟು ಬಿಡುವು ನಿಮಗಿದೆಯೇ ಎಂಬುದು ಆಕೆಯ ಪ್ರಶ್ನೆ. ಪತ್ರದಲ್ಲಿ ಸಹಿ ಇಲ್ಲ. ಒಳಗೆ ಇನ್ನೊಂದು ಪುಟ್ಟ ಲಕೋಟೆ, ಅದರಲ್ಲೊಂದು ಕಾರ್ಡು, ಕಾರ್ಡಿನ ಮೇಲೆ ಪೆನ್ಸಿಲ್ಲಿನಲ್ಲಿ ಹೆಸರು.

ಆಕೆ ಅವನಿಗೆ ಬರೆದ ಪತ್ರಗಳು ಬಾಸ್ಟನ್ ಪಬ್ಲಿಕ್ ಲೈಬ್ರರಿಯಲ್ಲಿವೆ. ಅವನು ಆಕೆಗೆ ಬರೆದವು ಬಹುಪಾಲು ಉಳಿದಿಲ್ಲ. 1886ರಲ್ಲಿ ಎಮಿಲಿ ತೀರಿಕೊಂಡ ಮೇಲೆ ಅಕ್ಕನಿಗೆ ಬಂದಿದ್ದ ಬಹುಪಾಲು ಪತ್ರಗಳನ್ನು ತಂಗಿ ಲವಿನಿಯಾ ಸುಟ್ಟಳು. ಹಾಗಾಗಿ ನಾನು ಹಾಳೆಯ ನಡುವೆ ಗೆರೆ ಎಳೆದು, ಬಲಗಡೆ ಎಮಿಲಿಯ ಸಾಲುಗಳನ್ನೂ ಎಡಗಡೆ ಆ ಸಾಲಿಗೆ ಕಾರಣವಾಗಿರಬೇಕಾದ ಹಿಗಿನ್ಸನ್‌ನ ಮಾತನ್ನೂ ಬರೆಯತೊಡಗಿದೆ. ಏಪ್ರಿಲ್ 25ರ ಆಕೆಯ ಎರಡನೆಯ ಪತ್ರ ಈ ಅಭ್ಯಾಸಕ್ಕೆ ಹೇಳಿ ಮಾಡಿಸಿದ್ದು. ಶಸ್ತ್ರಚಿಕಿತ್ಸೆಗೆ ವಂದನೆ, ಅಂದುಕೊಂಡಷ್ಟು ನೋಯಲಿಲ್ಲ ಎನ್ನುತ್ತಾಳೆ. ಎಡಗಡೆ: ಅವನು ಕವಿತೆಗಳನ್ನು ತಿದ್ದಲು ಹೇಳಿದ್ದ. ವಯಸ್ಸು, ಓದಿದ ಪುಸ್ತಕ, ಒಡನಾಡಿಗಳು, ಎಲ್ಲವನ್ನೂ ಕೇಳಿದ್ದ. ಕವಿ ವಾಲ್ಟ್ ವಿಟ್ಮನ್‌ನ ಹೆಸರೂ ಎತ್ತಿದ್ದ, ಏಕೆಂದರೆ ಅವನ ಪುಸ್ತಕ ಓದಿಲ್ಲ, ಅದು ನಾಚಿಕೆಗೇಡು ಅಂತ ಯಾರೋ ಹೇಳಿದರು ಎಂಬ ಉತ್ತರ ಬಲಗಡೆ ಇದೆ.

ವಯಸ್ಸಿನ ಪ್ರಶ್ನೆಗೆ ಆಕೆ ವಯಸ್ಸು ಹೇಳುವುದಿಲ್ಲ. ಈ ಚಳಿಗಾಲದವರೆಗೆ ಒಂದೆರಡು ಪದ್ಯ ಬಿಟ್ಟರೆ ಏನೂ ಬರೆದಿರಲಿಲ್ಲ ಎನ್ನುತ್ತಾಳೆ. ಅಷ್ಟರಲ್ಲಾಗಲೇ ಆಕೆ ನೂರಾರು ಕವಿತೆ ಬರೆದಿದ್ದಳು, ಹಾಳೆಗಳನ್ನು ದಾರದಲ್ಲಿ ಹೊಲಿದು ಪುಸ್ತಿಕೆ ಮಾಡಿಟ್ಟುಕೊಳ್ಳುತ್ತಿದ್ದಳು. ಅದೇ ಪತ್ರದಲ್ಲಿ, ಇಬ್ಬರು ಪತ್ರಿಕಾ ಸಂಪಾದಕರು ಅಪ್ಪನ ಮನೆಗೆ ಬಂದು ನನ್ನ ಮನಸ್ಸನ್ನೇ ಕೊಡುವಂತೆ ಕೇಳಿದರು, ಯಾಕೆ ಎಂದಿದ್ದಕ್ಕೆ ನನ್ನನ್ನು ಜಿಪುಣಿ ಎಂದರು ಎಂದೂ ಇದೆ. ಸಂಪಾದಕರ ಬಗ್ಗೆ ಎಷ್ಟು ಎಚ್ಚರದಿಂದ ಇದ್ದಳು ಎನ್ನುವುದಕ್ಕೆ ನನಗೆ ಇದಕ್ಕಿಂತ ಸಾಕ್ಷಿ ಬೇಡ.

ಎಚ್ಚರಕ್ಕೆ ಕಾರಣವೂ ಇತ್ತು. 1866ರ ಫೆಬ್ರವರಿ 14ರಂದು 'ಸ್ಪ್ರಿಂಗ್‌ಫೀಲ್ಡ್ ರಿಪಬ್ಲಿಕನ್' ಪತ್ರಿಕೆ ಆಕೆಯ ಹಾವಿನ ಕವಿತೆಯನ್ನು ಹೆಸರಿಲ್ಲದೆ ಅಚ್ಚು ಹಾಕಿತು. ಕೂಡಲೇ ಹಿಗಿನ್ಸನ್‌ಗೆ ಬರೆದಳು: ಇದನ್ನು ನನ್ನಿಂದ ಕದ್ದದ್ದು, ಮೂರನೆಯ ಸಾಲನ್ನು ಚಿಹ್ನೆ ಹಾಕಿ ಕೆಡಿಸಿದ್ದಾರೆ, ಮೂರೂ ನಾಲ್ಕೂ ಒಂದೇ ಆಗಿದ್ದವು. ಥೋರೋಗೆ ಹೋದದ್ದು ಇಡೀ ವಾಕ್ಯ, ಈಕೆಗೆ ಹೆಚ್ಚಿಗೆ ಬಂದದ್ದು ಒಂದು ಚಿಹ್ನೆ. ಇಬ್ಬರ ನೋವಿನಲ್ಲೂ ನನಗೆ ಹೆಚ್ಚುಕಡಿಮೆ ಕಾಣಲಿಲ್ಲ. ಅಂದಿನಿಂದ ಕವಿತೆ ಪುಟಕ್ಕೆ ಬಂದರೆ, ಅಲ್ಪವಿರಾಮ ಸೇರಿಸುವ ಮುಂಚೆ ಕವಿಗೆ ಫೋನ್ ಮಾಡುತ್ತೇನೆ.

ಹಿಗಿನ್ಸನ್‌ನನ್ನು ದೂರುವುದು ಸುಲಭ. ಪ್ರಕಟಣೆ ತಡಮಾಡು ಎಂದ, 1890ರಲ್ಲಿ ಮೇಬಲ್ ಲೂಮಿಸ್ ಟಾಡ್ ಜೊತೆ ಸೇರಿ ಕವಿತೆಗಳನ್ನು ಹೊರತಂದಾಗ ಶೀರ್ಷಿಕೆ ಸೇರಿಸಿದ, ಪದ, ಚಿಹ್ನೆ ಬದಲಾಯಿಸಿದ. ಮೂಲ ರೂಪಕ್ಕೆ ಹತ್ತಿರವಾದ ಸಮಗ್ರ ಸಂಪುಟಕ್ಕಾಗಿ 1955ರವರೆಗೆ ಕಾಯಬೇಕಾಯಿತು. ಆದರೂ ಆಕೆಯ ಪತ್ರಗಳನ್ನು ಜೋಪಾನ ಮಾಡಿದವನು ಅವನೇ. ಎಡಗಡೆಯ ಖಾಲಿ ಜಾಗ ತುಂಬುತ್ತ ಹೋದಂತೆ ಅವನು ನನಗೆ ದಡ್ಡನಾಗಿ ಕಾಣಲಿಲ್ಲ. ಎದುರಿಗೆ ಬಂದದ್ದು ಏನೆಂದು ಅರ್ಥವಾಗದಿದ್ದರೂ ಪ್ರಶ್ನೆ ಕೇಳುವುದನ್ನು ನಿಲ್ಲಿಸದ ಮನುಷ್ಯನಾಗಿ ಕಂಡ.

ಈಗ ಲೇಖಕಿ ಹೆಲೆನ್ ಹಂಟ್ ಜಾಕ್ಸನ್ ಎಮಿಲಿಗೆ ಬರೆದವನ್ನು ಹಿಡಿದಿದ್ದೇನೆ. ಇಬ್ಬರೂ ಆಮ್‌ಹರ್ಸ್ಟ್‌ನಲ್ಲಿ 1830ರಲ್ಲೇ ಹುಟ್ಟಿದವರು. 1876ರಲ್ಲಿ ಹೆಲೆನ್, ನೀನು ದೊಡ್ಡ ಕವಿ, ಗಟ್ಟಿಯಾಗಿ ಹಾಡದಿರುವುದು ನಿನ್ನ ಕಾಲಕ್ಕೆ ಮಾಡುವ ಅನ್ಯಾಯ ಎಂದು ಬರೆದಳು. ಈ ಪತ್ರ ಉಳಿದಿರುವುದರಿಂದ ಎಡಗಡೆ ಊಹೆ ಬೇಕಿಲ್ಲ. ಆಕೆಯ ಒತ್ತಾಯದಿಂದಲೇ ಎಮಿಲಿಯ ಒಂದು ಕವಿತೆ 1878ರಲ್ಲಿ ಹೆಸರಿಲ್ಲದೆ ಒಂದು ಸಂಕಲನದಲ್ಲಿ ಬಂತು. ಓದಿದ ಕೆಲವರು ಅದು ಕವಿ ಎಮರ್ಸನ್‌ನದೆಂದು ತಿಳಿದರು. ಅಲ್ಲೂ ಕೆಲವು ಪದಗಳು ಬದಲಾಗಿವೆ. ಆ ಪುಟವನ್ನೂ ಹಸ್ತಪ್ರತಿಯನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡಿದ್ದೇನೆ.