ಸುಗ್ಗಿಯ ಮೊದಲ ಸೇರು ದೇವರಿಗೆ: ಉತ್ತಮವಾದದ್ದನ್ನು ತೆಗೆದಿಡುವ ಬಗೆ

ದೇವರಿಗೆ ಉತ್ತಮವಾದದ್ದನ್ನೇ ಕೊಡಬೇಕೆಂಬ ಮಾತನ್ನು ಅಲ್ಲಗಳೆಯುವ ವಿಶ್ವಾಸಿ ಇಲ್ಲ. ಆದರೂ ಭಾನುವಾರ ಚರ್ಚಿಗೆ ಹೊರಡುವ ಗಡಿಬಿಡಿಯಲ್ಲಿ ಜೇಬು ತಡಕಿದಾಗ ಸಿಕ್ಕ ಹತ್ತರ ನೋಟೇ ಕಾಣಿಕೆ ಚೀಲಕ್ಕೆ ಬೀಳುತ್ತದೆ. ಕೊಡಲು ಮನಸ್ಸಿಲ್ಲ ಅಂತಲ್ಲ, ಮುಂಚೆಯೇ ತೆಗೆದಿಟ್ಟಿರುವುದಿಲ್ಲ, ಅಷ್ಟೆ. ಬೈಬಲಿನ ಆದಿಕಾಂಡ 4ರಲ್ಲಿ ಆದಾಮನ ಮಗ ಕಾಯಿನ ತಂದದ್ದು ಹೊಲದ ಬೆಳೆಯಲ್ಲಿ ಒಂದಿಷ್ಟು. ಅವನ ತಮ್ಮ ಹೇಬೆಲ ತಂದದ್ದು ಹಿಂಡಿನ ಚೊಚ್ಚಲು, ಅದರ ಕೊಬ್ಬಿನ ಸಮೇತ. ದೇವರು ಮೆಚ್ಚಿದ್ದು ಹೇಬೆಲನದನ್ನು. ಉಳಿದದ್ದರಲ್ಲಿ ಆರಿಸಹೊರಟರೆ ಉತ್ತಮವಾದದ್ದು ಕೈಗೆ ಸಿಗುವುದೇ ಇಲ್ಲ.

ಹಣದ ವಿಷಯದಲ್ಲಿ ಇದು ಸುಲಭ. ಸಂಬಳ ಬಂದ ದಿನವೇ, ಬಾಡಿಗೆ, ಕಿರಾಣಿ ಸಾಮಾನಿಗೂ ಮೊದಲು, ದೇವರ ಪಾಲನ್ನು ಬೇರೆ ಮಾಡಿ. ದಶಮಾಂಶ, ಅಂದರೆ ಆದಾಯದ ಹತ್ತರಲ್ಲೊಂದು, ಕೊಡುವವರಿಗೆ 25,000ಕ್ಕೆ 2,500. ದಿನಗೂಲಿ 600 ಆದರೆ ಅಂದು ಸಂಜೆಯೇ 60 ರೂಪಾಯಿ ಡಬ್ಬಿಗೆ ಹಾಕಿ. ವಾರದ ಕೊನೆಗೆ ಒಟ್ಟಿಗೆ ಕೊಡೋಣವೆಂದರೆ ಅದು ಕರಗಿಹೋಗಿರುತ್ತದೆ. ಅಂಗಡಿಯವರು ಬಂಡವಾಳ ಕಳೆದು ಲಾಭದ ಮೇಲೆ ಲೆಕ್ಕ ಹಾಕಲಿ. ಆಮೇಲೆ ಭಾನುವಾರಕ್ಕೊಂದರಂತೆ ಲಕೋಟೆ ಮಾಡಿ, ಕ್ಯಾಲೆಂಡರ್ ನೋಡಿಕೊಂಡು. ಐದು ಭಾನುವಾರ ಬರುವ ತಿಂಗಳಲ್ಲಿ ಕೊನೆಯ ವಾರ ಕೈ ಬರಿದಾಗುವುದು ಇದನ್ನು ಮರೆತವರಿಗೇ. ಅಪೊಸ್ತಲ ಪೌಲನು ಕೊರಿಂಥದ ಸಭೆಯವರಿಗೆ ಹೇಳಿದ್ದೂ ಇದನ್ನೇ: ವಾರದ ಮೊದಲನೆಯ ದಿನ ಪ್ರತಿಯೊಬ್ಬನೂ ತನ್ನ ಸಂಪಾದನೆಗೆ ತಕ್ಕಂತೆ ತೆಗೆದಿಡಲಿ (1 ಕೊರಿಂಥ 16:2).

ಹತ್ತರಲ್ಲೊಂದು ಭಾರವೆನಿಸಿದರೆ? ಪೌಲನು ಸಭೆಗಳಿಗೆ ಶೇಕಡಾ ಲೆಕ್ಕ ಕಟ್ಟಿಲ್ಲ. ಬಲವಂತವಿಲ್ಲದೆ ಹೃದಯದಲ್ಲಿ ನಿಶ್ಚಯಿಸಿಕೊಂಡಷ್ಟು ಕೊಡಲಿ ಎಂದಿದ್ದಾನೆ. ಶೇಕಡಾ 3ರಿಂದ ಆರಂಭಿಸಿ ಆರು ತಿಂಗಳಿಗೊಮ್ಮೆ ಒಂದೊಂದು ಏರಿಸಿದರೆ ಮನೆಯ ಖರ್ಚು ತಾನಾಗಿ ಅದಕ್ಕೆ ಹೊಂದಿಕೊಳ್ಳುತ್ತದೆ. ಬಡ್ಡಿಗೆ ಸಾಲ ತಂದು ಮಾತ್ರ ಕೊಡಬೇಡಿ. ಇಲ್ಲದ್ದನ್ನಲ್ಲ, ಇದ್ದದ್ದನ್ನು ನೋಡಿಯೇ ಕಾಣಿಕೆ ಮೆಚ್ಚುಗೆಯಾಗುವುದೆಂದು 2 ಕೊರಿಂಥ 8:12 ಸ್ಪಷ್ಟವಾಗಿ ಹೇಳುತ್ತದೆ.

ಚರ್ಚಿನ ಸುಗ್ಗಿ ಹಬ್ಬದ ಕಾಣಿಕೆಗೆ ಇನ್ನೂ ಹೆಚ್ಚು ಗಮನ ಬೇಕು. ಭತ್ತ, ರಾಗಿಯಾದರೆ ಕಣದಲ್ಲಿ ರಾಶಿ ಮಾಡಿದ ದಿನವೇ, ಮಾರಲು ಮೂಟೆ ಕಟ್ಟುವ ಮುಂಚೆ, ಐದು ಸೇರು ಅಳೆದು ಬೇರೆ ಚೀಲಕ್ಕೆ ಹಾಕಿ. ತೂರಿ, ಕಲ್ಲು ಆರಿಸಿ, ಎರಡು ದಿನ ಬಿಸಿಲಿಗೆ ಹರಡಿ. ಹಸಿ ಇದ್ದರೆ ಬೂಷ್ಟು ಹಿಡಿಯುತ್ತದೆ. ತೆಂಗಿನಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ ನೀರಿನ ಸದ್ದು ಕೇಳಿ. ಮೊಟ್ಟೆಯನ್ನು ನೀರಿಗೆ ಬಿಟ್ಟು ನೋಡಿ, ತೇಲಿದರೆ ಅದು ಹಳೆಯದು. ಬಾಳೆಗೊನೆಯನ್ನು ಹಿಂದಿನ ದಿನ ಕಡಿದರೆ ಕಾಯಿಯೇ ಚರ್ಚಿಗೆ ಹೋದಂತೆ. ನಾಲ್ಕೈದು ದಿನ ಮುಂಚೆ ಕಡಿದು ಹಣ್ಣಿಗಿಡಿ. ಕೋಳಿಯನ್ನು ತಲೆಕೆಳಗಾಗಿ ನೇತುಹಾಕಿಕೊಂಡು ಹೋಗದೆ ಗಾಳಿಯಾಡುವ ಬುಟ್ಟಿಯಲ್ಲಿ ಒಯ್ಯಿರಿ. ಅನೇಕ ಸಭೆಗಳಲ್ಲಿ ಆರಾಧನೆಯ ನಂತರ ಇವನ್ನು ಹರಾಜು ಹಾಕುತ್ತಾರೆ. ಒಂದು ಕುಂಬಳಕಾಯಿಗೆ ಪೇಟೆ ಬೆಲೆಯ ಐದರಷ್ಟು ಕೂಗಿ ಭಕ್ತಿಯಿಂದ ಕೊಂಡವರು ಮನೆಯಲ್ಲಿ ಹೆಚ್ಚಿದಾಗ ಒಳಗೆ ಕೊಳೆತಿದ್ದರೆ, ಪ್ರವಾದಿ ಮಲಾಕಿಯನ ಕಾಲದ ಕುರುಡು ಪಶುವಿನ ಯಜ್ಞಕ್ಕೂ ಅದಕ್ಕೂ ಏನು ವ್ಯತ್ಯಾಸ? ಇದನ್ನು ನಿನ್ನ ದೇಶಾಧಿಪತಿಗೆ ಕೊಟ್ಟು ನೋಡು, ಮೆಚ್ಚುತ್ತಾನೋ ಎಂಬ ಆ ಪ್ರವಾದಿಯ ಪ್ರಶ್ನೆ ಒಳ್ಳೆಯ ಅಳತೆಗೋಲು. ಬೀಗರ ಮನೆಗೆ ಒಯ್ಯಲು ನಾಚಿಕೆಯಾಗುವಂಥದ್ದನ್ನು ಪೀಠದ ಮುಂದೆ ಇಡಬೇಡಿ.

ಸಮಯಕ್ಕೂ ಇದೇ ಕ್ರಮ. ಫೋನ್ ಮುಟ್ಟುವ ಮೊದಲಿನ 20 ನಿಮಿಷ ಪ್ರಾರ್ಥನೆಗೆ. ರಾತ್ರಿ ತೂಕಡಿಸುತ್ತಾ ಕೊಡುವ ಒಂದು ಗಂಟೆಗಿಂತ ಅದು ಮೇಲು. ವೇದಪಾಠ ಓದುವವರು ಶನಿವಾರವೇ ಮೂರು ಸಲ ಗಟ್ಟಿಯಾಗಿ ಓದಿ ನೋಡಲಿ, ಹೆಸರುಗಳಲ್ಲಿ ನಾಲಿಗೆ ತೊಡರುವುದು ಆಗಲೇ ತಿಳಿಯುತ್ತದೆ. ಸಂಡೇ ಸ್ಕೂಲ್ ಪಾಠದ ತಯಾರಿ ಬುಧವಾರಕ್ಕೆ ಶುರುವಾಗಲಿ. ಹಿಂದಿನ ರಾತ್ರಿ ಹನ್ನೊಂದಕ್ಕೆ ಪುಸ್ತಕ ತೆರೆದವರ ಪಾಠ ಹೇಗಿದೆಯೆಂದು ಮಕ್ಕಳಿಗೆ ಐದೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಎಡವುವ ಜಾಗಗಳೂ ಇವೆ. ವಯಸ್ಸಾದ ತಂದೆತಾಯಿಯ ಔಷಧಿಗೆ ಇಡಬೇಕಾದ ಹಣವನ್ನು ಕಾಣಿಕೆಯೆಂದು ಕೊಡುವುದು ಮೊದಲನೆಯದು. 'ಕೊರ್ಬಾನ್', ಅಂದರೆ ಇದು ದೇವರಿಗೆ ಮುಡಿಪು, ಎಂದು ಹೇಳಿ ಕೈ ತೊಳೆದುಕೊಂಡವರನ್ನು ಯೇಸು ಖಂಡಿಸಿದ್ದು ಇದಕ್ಕೇ (ಮಾರ್ಕ 7). ಆಸ್ಪತ್ರೆಯ ಮಂಚದಲ್ಲಿ ಆತುರದಿಂದ ಹೊತ್ತ ಹರಕೆ ಇನ್ನೊಂದು. ಹೊತ್ತಿದ್ದರೆ ಬರೆದಿಡಿ, ತೀರಿಸುವ ತಾರೀಕನ್ನೂ ಬರೆಯಿರಿ, ಕಷ್ಟವಾದರೆ ಸಭಾಪಾಲಕರೊಂದಿಗೆ ಮಾತಾಡಿ. ತೋರಿಕೆಗೆ ಕೊಡುವುದು ಮತ್ತೊಂದು. ಹೊಲ ಮಾರಿದ ಹಣವನ್ನು ಅಪೊಸ್ತಲರಿಗೆ ತಂದ ಅನನೀಯನ ತಪ್ಪು (ಅಪೊಸ್ತಲರ ಕೃತ್ಯಗಳು 5) ಒಂದು ಪಾಲು ಇಟ್ಟುಕೊಂಡದ್ದಲ್ಲ. ಎಲ್ಲವನ್ನೂ ಕೊಟ್ಟೆನೆಂದು ತೋರಿಸಿಕೊಂಡದ್ದು. ಯಾರೊಂದಿಗಾದರೂ ಮಾತು ಬಿಟ್ಟಿದ್ದರೆ ಕಾಣಿಕೆಗಿಂತ ಮುಂಚೆ ಅವರ ಮನೆಗೆ ಹೋಗಿಬನ್ನಿ, ಮತ್ತಾಯ 5:24ರ ಕ್ರಮ ಹಾಗಿದೆ.

ಧರ್ಮೋಪದೇಶಕಾಂಡ 26ರಲ್ಲಿ ಪ್ರಥಮಫಲದ ಪುಟ್ಟಿಯನ್ನು ಯಾಜಕನ ಕೈಗೆ ಕೊಟ್ಟಲ್ಲಿಗೆ ವಿಧಿ ಮುಗಿಯುವುದಿಲ್ಲ. ಸ್ವಂತ ಹೊಲದ ಪಾಲಿಲ್ಲದ ಲೇವಿಯನನ್ನೂ ಪರದೇಶಿಯನ್ನೂ ಜೊತೆಗೆ ಸೇರಿಸಿಕೊಂಡು ಸಂತೋಷಪಡಬೇಕು. ಹಾಗಾಗಿ ಹಬ್ಬದ ದಿನ ಹೊಸ ಅಕ್ಕಿಯ ಅನ್ನಕ್ಕೆ ಎಸರಿಡುವಾಗ ಇಬ್ಬರಿಗೆ ಹೆಚ್ಚಾಗುವಂತೆ ಇಟ್ಟು, ಊರಲ್ಲಿ ತಮ್ಮವರು ಯಾರೂ ಇಲ್ಲದವರನ್ನು ಶನಿವಾರವೇ ಊಟಕ್ಕೆ ಕರೆದು ಬನ್ನಿ.