ನವೆಂಬರ್‌ನಲ್ಲೇ ಹೋಗಬೇಕು: ಡೇಟನ್ ಫ್ಲೈಯರ್ಸ್ ಅಭಿಮಾನಿಯಾಗಿ ನನ್ನ ಅನುಭವ

ಅಮೆರಿಕದಲ್ಲಿರುವ ಕನ್ನಡಿಗರು ಬ್ಯಾಸ್ಕೆಟ್‌ಬಾಲ್ ನೋಡಲು ಶುರು ಮಾಡಿದರೆ ಸಾಮಾನ್ಯವಾಗಿ ಹಿಡಿಯುವುದು ವೃತ್ತಿಪರ ಲೀಗ್ ಎನ್‌ಬಿಎಯ ತಂಡವನ್ನು. ಕಾಲೇಜು ತಂಡವೇ ಬೇಕೆಂದರೆ ಡ್ಯೂಕ್, ಕೆಂಟಕಿ, ಕಾನ್ಸಸ್ ಇವೆ. ನಾನು ಹಿಡಿದದ್ದು ಯೂನಿವರ್ಸಿಟಿ ಆಫ್ ಡೇಟನ್‌ನ ಫ್ಲೈಯರ್ಸ್ ತಂಡವನ್ನು. ನಾನು ಅಲ್ಲಿ ಓದಿದವನಲ್ಲ. ಮೈಸೂರಿನಿಂದ ಸಾಫ್ಟ್‌ವೇರ್ ಕೆಲಸದ ಮೇಲೆ ಒಹಾಯೋದ ಈ ಊರಿಗೆ ಬಂದೆ, ಸಹೋದ್ಯೋಗಿಯೊಬ್ಬರು ತಮ್ಮ ಹತ್ತಿರವಿದ್ದ ಹೆಚ್ಚುವರಿ ಟಿಕೆಟ್ ಕೊಟ್ಟರು, ಹೋದೆ. ಈಗ ನಮ್ಮ ಮನೆಯ ಚಳಿಗಾಲದ ಕ್ಯಾಲೆಂಡರ್ ತಯಾರಾಗುವುದೇ ತಂಡದ ವೇಳಾಪಟ್ಟಿ ನೋಡಿಕೊಂಡು. ಅದನ್ನು ಹೇಗೆ ರೂಢಿಸಿಕೊಂಡೆ, ಯಾಕೆ ಬಿಡಲಾಗಲಿಲ್ಲ ಎಂಬುದನ್ನು ಬರೆಯುತ್ತಿದ್ದೇನೆ.

ಮೊದಲು ತಂಡದ ಮಟ್ಟ ಎಂಥದ್ದು ಎಂದು ಹೇಳಿಬಿಡುತ್ತೇನೆ. ಕಾಲೇಜು ಕ್ರೀಡೆಯ ಅತಿ ಮೇಲಿನ ವಿಭಾಗವಾದ ಡಿವಿಷನ್ ಒಂದರಲ್ಲಿ 350ಕ್ಕೂ ಹೆಚ್ಚು ಪುರುಷರ ಬ್ಯಾಸ್ಕೆಟ್‌ಬಾಲ್ ತಂಡಗಳಿವೆ. ಅವು ತಮ್ಮತಮ್ಮಲ್ಲೇ ಆಡುವ ಗುಂಪುಗಳಾಗಿ ಹಂಚಿಕೊಂಡಿವೆ, ಆ ಗುಂಪುಗಳೇ ಕಾನ್ಫರೆನ್ಸ್. ಅಮೆರಿಕನ್ ಫುಟ್‌ಬಾಲ್‌ನ ಟಿವಿ ಹಣ ಹರಿಯುವ ಕೆಲವೇ ಕಾನ್ಫರೆನ್ಸ್‌ಗಳು ಮೇಲಿನ ದರ್ಜೆಯವು. ಡೇಟನ್ 1995ರಿಂದ ಇರುವುದು ಅಟ್ಲಾಂಟಿಕ್ 10ರಲ್ಲಿ, ಅಂದರೆ ಅದರ ಕೆಳಗಿನ ದರ್ಜೆಯಲ್ಲಿ. ಈ ದರ್ಜೆಯ ತಂಡಗಳನ್ನು ಮಿಡ್-ಮೇಜರ್ ಎನ್ನುತ್ತಾರೆ. ಡೇಟನ್‌ನವರ ಮುಂದೆ ಆ ಮಾತು ಆಡಿದರೆ ಮುಖ ಗಂಟಿಕ್ಕುತ್ತಾರೆ. ಅವರ ಸಿಟ್ಟು ನ್ಯಾಯವಾದದ್ದೇ. 1967ರಲ್ಲಿ ಈ ತಂಡ ರಾಷ್ಟ್ರೀಯ ಟೂರ್ನಮೆಂಟ್‌ನ ಫೈನಲ್ ಆಡಿದೆ. ಅಂದು ಎದುರಿಗಿದ್ದದ್ದು ಮುಂದೆ ಕರೀಮ್ ಅಬ್ದುಲ್-ಜಬ್ಬಾರ್ ಎಂದು ಹೆಸರಾದ ಆಟಗಾರನಿದ್ದ ಯುಸಿಎಲ್‌ಎ, 79-64ರಿಂದ ಸೋತರು. 1969ರಲ್ಲಿ ಶುರುವಾದ ಇಲ್ಲಿನ ಅರೇನಾದಲ್ಲಿ 13,407 ಜನ ಕೂರಬಹುದು. ವಿಶ್ವವಿದ್ಯಾಲಯದಲ್ಲಿ ಓದುವ ಎಲ್ಲರನ್ನೂ ಕರೆತಂದು ಕೂರಿಸಿದರೂ ಅದು ತುಂಬುವುದಿಲ್ಲ. ತುಂಬಿಸುವುದು ಊರು.

ಇಡೀ ಊರು ಬರುತ್ತದೆ ಎಂಬುದು ನನಗೆ ತಿಳಿದದ್ದು ಪಕ್ಕದ ಸೀಟಿನ ಹಿರಿಯರಿಂದ. ಡೇಟನ್ ಪಕ್ಕದ ಮೊರೇನ್‌ನಲ್ಲಿದ್ದ ಜನರಲ್ ಮೋಟರ್ಸ್ ಕಾರ್ಖಾನೆಯಲ್ಲಿ ದುಡಿದವರು. ಆ ಕಾರ್ಖಾನೆ 2008ರ ಡಿಸೆಂಬರ್‌ನಲ್ಲಿ ಮುಚ್ಚಿತು. ಮರುವರ್ಷ, ಡೇಟನ್‌ನಲ್ಲೇ ಹುಟ್ಟಿ ಬೆಳೆದಿದ್ದ ಎನ್‌ಸಿಆರ್ ಕಂಪನಿ ತನ್ನ ಮುಖ್ಯ ಕಚೇರಿಯನ್ನು ಜಾರ್ಜಿಯಾಕ್ಕೆ ಒಯ್ಯುವುದಾಗಿ ಹೇಳಿತು. ಕೆಲಸ ಹೋದ ವರ್ಷವೂ ಅವರು ಸೀಸನ್ ಟಿಕೆಟ್ ಬಿಟ್ಟುಕೊಡಲಿಲ್ಲ. "ಇದೊಂದನ್ನು ಬೇರೆ ಊರಿಗೆ ಎತ್ತಿಕೊಂಡು ಹೋಗಲು ಆಗುವುದಿಲ್ಲವಲ್ಲ" ಎಂದಿದ್ದರು.

ಆಟ ನೋಡುವುದನ್ನು ಕಲಿಸಿದವರೂ ಅವರೇ. ನಾನು ಎಲ್ಲರಂತೆ ಚೆಂಡಿನ ಹಿಂದೆ ಕಣ್ಣು ಓಡಿಸುತ್ತಿದ್ದೆ. ಚೆಂಡು ಎಲ್ಲೂ ಹೋಗುವುದಿಲ್ಲ, ಚೆಂಡಿಲ್ಲದ ನಾಲ್ವರನ್ನು ನೋಡು ಎಂದರು. ಒಂದು ಸಲ ಹಾಗೆ ನೋಡಿದರೆ ಆಟವೇ ಬೇರೆಯಾಗಿ ಕಾಣುತ್ತದೆ. ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಡಾರಾನ್ ಹೋಮ್ಸ್ ಎಂಬ ಎತ್ತರದ ಹುಡುಗನಿದ್ದ. ಅವನು ಮೂರು ಪಾಯಿಂಟ್ ಗೆರೆಯ ಹತ್ತಿರ ಬಂದು, ಕಾಲು ಊರಿ, ಎದುರಾಳಿಗೆ ಅಡ್ಡ ಗೋಡೆಯಂತೆ ನಿಲ್ಲುತ್ತಾನೆ. ಚೆಂಡು ಹಿಡಿದ ಗಾರ್ಡ್ ಅವನ ಭುಜ ಸವರಿಕೊಂಡು ದಾಟುತ್ತಾನೆ. ಆ ಕ್ಷಣ ಎದುರಾಳಿಗಳು ಇಬ್ಬರೂ ಗಾರ್ಡ್ ಮೇಲೆ ಬಿದ್ದರೆ ಹೋಮ್ಸ್ ತಿರುಗಿ ರಿಂಗ್ ಕಡೆ ಓಡುತ್ತಾನೆ. ಅವನನ್ನು ತಡೆಯಲು ಮೂರನೆಯವನು ಒಂದು ಹೆಜ್ಜೆ ಒಳಗೆ ಬಂದರೆ ಸಾಕು, ಮೂಲೆಯಲ್ಲಿ ಕೋಬಿ ಬ್ರೇಯಾ ಮೊಣಕಾಲು ಬಗ್ಗಿಸಿ, ಎರಡೂ ಅಂಗೈ ಎದೆಯ ಮಟ್ಟದಲ್ಲಿ ತೆರೆದುಕೊಂಡು ಕಾಯುತ್ತಿರುತ್ತಾನೆ. ಚೆಂಡು ಅವನ ಕೈ ಸೇರುವ ಮೊದಲೇ ನಮ್ಮ ಸಾಲಿನ ಜನ ಎದ್ದು ನಿಂತಿರುತ್ತಿದ್ದರು. 2023-24ರಲ್ಲಿ ಮೂರು ಪಾಯಿಂಟ್ ಎಸೆತದ ನಿಖರತೆಯಲ್ಲಿ ಅವನು ಇಡೀ ದೇಶಕ್ಕೇ ಮೊದಲಿಗ. ಎಸೆದ ಎರಡರಲ್ಲಿ ಹೆಚ್ಚುಕಡಿಮೆ ಒಂದು ಒಳಗೆ.

ನಾನು ತಂಡಕ್ಕೆ ಅಂಟಿಕೊಂಡದ್ದು 2014ರ ಮಾರ್ಚ್‌ನಲ್ಲಿ. ಪ್ರತಿ ಮಾರ್ಚ್‌ನಲ್ಲಿ ಶುರುವಾಗುವ ರಾಷ್ಟ್ರೀಯ ಟೂರ್ನಮೆಂಟ್‌ಗೆ 11ನೇ ಸೀಡ್ ಆಗಿ, ಅಂದರೆ ತನ್ನ ಗುಂಪಿನಲ್ಲಿ ಹನ್ನೊಂದನೇ ಶ್ರೇಯಾಂಕದಲ್ಲಿ, ಹೋದ ತಂಡ ಒಹಾಯೋ ಸ್ಟೇಟನ್ನು 60-59ರಿಂದ ಸೋಲಿಸಿತು. ಕೊನೆಯ ಕ್ಷಣಗಳಲ್ಲಿ ವೀ ಸ್ಯಾನ್‌ಫರ್ಡ್ ಹಾಕಿದ ಬ್ಯಾಸ್ಕೆಟ್ ಅದು. ಆಮೇಲೆ ಸಿರಕ್ಯೂಸ್, ಸ್ಟ್ಯಾನ್‌ಫರ್ಡ್ ದಾಟಿ, ಕೊನೆಯ ನಾಲ್ಕು ತಂಡಗಳ ಹಂತವಾದ ಫೈನಲ್ ಫೋರ್‌ಗೆ ಒಂದೇ ಮೆಟ್ಟಿಲಿರುವಾಗ ಫ್ಲೋರಿಡಾಕ್ಕೆ ಸೋತರು. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಗ್ಲೇಡ್ಸ್‌ನಲ್ಲಿ ಕಿಕ್ಕಿರಿದ ಜನರ ನಡುವೆ ಕೂತು ರಣಜಿ ಫೈನಲ್ ನೋಡಿದವನು ನಾನು. ಮನೀಷ್ ಪಾಂಡೆ 144 ಹೊಡೆದರೂ ಕರ್ನಾಟಕ ಮುಂಬೈಗೆ ಆರೇ ಆರು ರನ್ನಿನಿಂದ ಸೋತಿತು. ಸೋತ ತಂಡಕ್ಕೆ ಊರೆಲ್ಲ ನಿಂತು ಚಪ್ಪಾಳೆ ತಟ್ಟಿದರೆ ಎದೆಯಲ್ಲಿ ಏನಾಗುತ್ತದೆಂದು ಅಂದೇ ಗೊತ್ತಾಗಿತ್ತು. ನಾಲ್ಕು ವರ್ಷದ ಮೇಲೆ ಡೇಟನ್‌ನ ಬೀದಿಗಳಲ್ಲಿ ಅದೇ ಆಯಿತು.

ಆದರೆ ಮಾರ್ಚ್ ನೋಡಿ ಅಭಿಮಾನಿಯಾಗುವುದು ಸುಲಭ. ನಮ್ಮಂಥ ತಂಡದ ಹಣೆಬರಹ ನಿರ್ಧಾರವಾಗುವುದು ನವೆಂಬರ್‌ನಲ್ಲಿ. ಅದರ ಲೆಕ್ಕ ಹೀಗಿದೆ. ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ಈ ರಾಷ್ಟ್ರೀಯ ಟೂರ್ನಮೆಂಟ್ 2011ರಿಂದ 68 ತಂಡಗಳದ್ದು. ಕಾನ್ಫರೆನ್ಸ್ ಟೂರ್ನಿ ಗೆದ್ದವರಿಗೆ ನೇರ ಪ್ರವೇಶ, ಉಳಿದವರನ್ನು ಆಯ್ಕೆ ಸಮಿತಿ ಆರಿಸುತ್ತದೆ. ಸಮಿತಿ ನೋಡುವುದು ನೆಟ್ ಎಂಬ ಶ್ರೇಯಾಂಕವನ್ನು. ಗೆಲುವುಗಳನ್ನು ನಾಲ್ಕು ದರ್ಜೆಯಾಗಿ ವಿಂಗಡಿಸುತ್ತಾರೆ. ಮೊದಲ ಮೂವತ್ತರೊಳಗಿನ ತಂಡವನ್ನು ನಿಮ್ಮ ಅಂಗಳದಲ್ಲಿ ಸೋಲಿಸಿದರೆ ಅದು ಮೊದಲ ದರ್ಜೆಯ ಗೆಲುವು. ಅವರ ಅಂಗಳಕ್ಕೇ ಹೋಗಿ ಗೆದ್ದರೆ ಎಪ್ಪತ್ತೈದರೊಳಗಿನ ತಂಡವಾದರೂ ಸಾಕು. ದೊಡ್ಡ ಕಾನ್ಫರೆನ್ಸಿನ ತಂಡಕ್ಕೆ ಇಂಥ ಅವಕಾಶ ಜನವರಿಯಿಂದ ವಾರ ವಾರವೂ ಬರುತ್ತದೆ. ನಮಗೆ ಸಿಗುವುದು ನವೆಂಬರ್, ಡಿಸೆಂಬರ್‌ನಲ್ಲಿ ಕೈಬೆರಳೆಣಿಕೆಯಷ್ಟು. ಹೆಸರುವಾಸಿ ತಂಡಗಳು ನಮ್ಮ ಅಂಗಳಕ್ಕೆ ಬರಲು ಒಪ್ಪುವುದೂ ಕಷ್ಟ. ಗೆದ್ದರೆ ಅವರಿಗೆ ಹೆಚ್ಚೇನೂ ಸಿಗುವುದಿಲ್ಲ, ಸೋತರೆ ಮರ್ಯಾದೆ ಹೋಗುತ್ತದೆ.

2021ರ ನವೆಂಬರ್ ನನಗೆ ಇದನ್ನು ಮರೆಯದಂತೆ ಕಲಿಸಿತು. ಹೊಸ ಹುಡುಗರ ತಂಡ. ಯುಮಾಸ್ ಲೋವೆಲ್, ಲಿಪ್ಸ್‌ಕೂಂಬ್, ಆಸ್ಟಿನ್ ಪೀ ಒಂದರ ಹಿಂದೆ ಒಂದು ನಮ್ಮದೇ ಅಂಗಳಕ್ಕೆ ಬಂದು ಗೆದ್ದುಕೊಂಡು ಹೋದವು. ಮೇಲಿನ ಸಾಲುಗಳಲ್ಲಿ ಜನ ಆಟ ಮುಗಿಯುವ ಮುಂಚೆಯೇ ಕೋಟು ಹಾಕಿಕೊಳ್ಳತೊಡಗಿದರು. ಪಕ್ಕದ ಹಿರಿಯರು ಕದಲಲಿಲ್ಲ, ನಾನೂ ಕದಲಲಿಲ್ಲ. ಅದಾಗಿ ಒಂದು ವಾರದೊಳಗೆ ಫ್ಲೋರಿಡಾದ ಟೂರ್ನಿಯಲ್ಲಿ ಅದೇ ಹುಡುಗರು ಕಾನ್ಸಸ್ ತಂಡವನ್ನು 74-73ರಿಂದ ಸೋಲಿಸಿದರು, ಮುಸ್ತಫಾ ಆಮ್ಜಿಲ್‌ನ ಕೊನೆಯ ಗಳಿಗೆಯ ಎಸೆತದಿಂದ. ಆ ಕಾನ್ಸಸ್ಸೇ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್ ಆಯಿತು!

ಆ ವರ್ಷ ನಾವು ಟೂರ್ನಮೆಂಟ್‌ಗೆ ಹೋಗಲಿಲ್ಲ. ಸಮಿತಿ ತನ್ನ ಪಟ್ಟಿ ಪ್ರಕಟಿಸುವ ಆಯ್ಕೆಯ ಭಾನುವಾರ ಬೆಳಿಗ್ಗೆ ಡೇಟನ್ ಒಳಗಿತ್ತು. ಮಧ್ಯಾಹ್ನ ಅಟ್ಲಾಂಟಿಕ್ 10 ಫೈನಲ್‌ನಲ್ಲಿ ಡೇವಿಡ್ಸನ್ ಗೆದ್ದಿದ್ದರೆ ಒಳಗೇ ಇರುತ್ತಿತ್ತು. ಡೇವಿಡ್ಸನ್‌ಗೆ ಸೋತರೂ ಸಮಿತಿಯ ಆಯ್ಕೆಯಲ್ಲಿ ಜಾಗವಿತ್ತು, ರಿಚ್ಮಂಡ್‌ಗೆ ಗೆದ್ದರೆ ಮಾತ್ರ. ರಿಚ್ಮಂಡ್ ಗೆದ್ದು ಒಂದು ಜಾಗ ಕಿತ್ತುಕೊಂಡಿತು. ಹೊರಗುಳಿದವರಲ್ಲಿ ಮೊದಲನೆಯವರು ನಾವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆ ಮೂರು ನವೆಂಬರ್ ಸೋಲುಗಳಲ್ಲಿ ಒಂದು ಕಡಿಮೆಯಾಗಿದ್ದರೂ ಸಾಕಿತ್ತು ಎಂದು ಊರಿನಲ್ಲಿ ಇವತ್ತಿಗೂ ಮಾತಾಡುತ್ತಾರೆ. ಇದಕ್ಕೇ ನಾನು ಹೊಸಬರಿಗೆಲ್ಲ ಹೇಳುವುದು: ಒಂದೇ ಆಟ ನೋಡಲು ಸಾಧ್ಯವೆಂದಾದರೆ ನವೆಂಬರ್‌ನ ವಾರದ ದಿನದ ಆಟಕ್ಕೆ ಹೋಗಿ. ಟಿಕೆಟ್ ಅಗ್ಗ, ಸೀಟು ಸಿಗುತ್ತದೆ, ಹುಡುಗರಿಗೆ ನಮ್ಮ ದನಿ ಅತ್ಯಂತ ಬೇಕಾಗಿರುವುದೂ ಆಗಲೇ.

ವಾರದ ದಿನ ಹೋಗುವುದು ಹೇಳಿದಷ್ಟು ಸಲೀಸಲ್ಲ. ಆಟ ಸಾಮಾನ್ಯವಾಗಿ ಸಂಜೆ ಏಳಕ್ಕೆ. ಆಫೀಸಿನಿಂದ ನೇರ ಹೊರಡುತ್ತೇನೆ, ಹೆಂಡತಿ ಮಗಳನ್ನು ಕರೆದುಕೊಂಡು ಅಲ್ಲಿಗೇ ಬರುತ್ತಾಳೆ. ಪಾರ್ಕಿಂಗ್ ಜಾಗದಲ್ಲಿ ಕಾರಿನ ಹೀಟರ್ ಹಾಕಿಕೊಂಡು ಡಬ್ಬಿಯ ಚಿತ್ರಾನ್ನ ತಿಂದು ಒಳಗೆ ಹೋಗುತ್ತೇವೆ. ಮಗಳ ಹೋಂವರ್ಕ್ ಹಾಫ್ ಟೈಮಿನಲ್ಲಿ. ಹೊರಗೂರಿನ ಆಟವಿದ್ದರೆ ಟಿವಿಯ ದನಿ ತೆಗೆದು, ಡಬ್ಲ್ಯುಎಚ್‌ಐಒ ರೇಡಿಯೊದಲ್ಲಿ ಲ್ಯಾರಿ ಹ್ಯಾನ್ಸ್‌ಗನ್ ಅವರ ಕಾಮೆಂಟರಿ ಹಾಕುತ್ತೇನೆ. ಎರಡೂ ಒಟ್ಟಿಗೆ ಬರುವಂತೆ ಯಾವುದು ಮುಂದಿದೆಯೋ ಅದನ್ನು ಕೆಲವು ಸೆಕೆಂಡು ನಿಲ್ಲಿಸಿಕೊಳ್ಳಬೇಕು. ಅಭ್ಯಾಸವಾದರೆ ಒಂದು ನಿಮಿಷದ ಕೆಲಸ. ಪಿಟ್ಸ್‌ಬರ್ಗ್‌ನ ಡುಕೇನ್ ಜೊತೆ ಆಟವಿದ್ದರೆ ಮನೆಮಂದಿಯೆಲ್ಲ ಹೊರಡುತ್ತೇವೆ. ಬೆಳಿಗ್ಗೆ ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನದಲ್ಲಿ ದರ್ಶನ, ಆಮೇಲೆ ಆಟ. ಕಾರಿನಲ್ಲಿ ನಾಲ್ಕು ಗಂಟೆಯ ದಾರಿಯಾದರೂ ಮನೆಯಲ್ಲಿ ಯಾರೂ ಬೇಡ ಅಂದಿಲ್ಲ.

2019-20ರ ಬಗ್ಗೆ ಹೇಳದಿದ್ದರೆ ಈ ಬರಹ ಅಪೂರ್ಣ. 2019ರ ಮೇ ಕೊನೆಯಲ್ಲಿ ಸುಂಟರಗಾಳಿಗಳು ಬಂದು ಡೇಟನ್ ಸುತ್ತಮುತ್ತ ಮನೆಗಳ ಸೂರು ಹಾರಿಸಿಕೊಂಡು ಹೋದವು. ಆಗಸ್ಟ್ 4ರಂದು ಊರಿನ ಓರೆಗನ್ ಡಿಸ್ಟ್ರಿಕ್ಟ್ ಬಡಾವಣೆಯಲ್ಲಿ ಗುಂಡಿನ ದಾಳಿಯಾಗಿ ಒಂಬತ್ತು ಜನ ಸತ್ತರು. ಅಂಥ ವರ್ಷದ ಚಳಿಗಾಲಕ್ಕೆ ಬಂದ ತಂಡ 29 ಗೆದ್ದು ಎರಡನ್ನು ಮಾತ್ರ ಸೋತಿತು, ಆ ಎರಡೂ ಓವರ್‌ಟೈಮ್‌ನಲ್ಲಿ. ಕಾನ್ಫರೆನ್ಸಿನ ಹದಿನೆಂಟಕ್ಕೆ ಹದಿನೆಂಟೂ ಗೆಲುವು. ಓಬಿ ಟಾಪಿನ್ ದೇಶದ ಅತ್ಯುತ್ತಮ ಆಟಗಾರನಾದ. ಶಾಲೆ ಮುಗಿಸಿದಾಗ ಡಿವಿಷನ್ ಒಂದರ ಯಾವ ತಂಡವೂ ಕರೆಯದಿದ್ದ ಹುಡುಗ ಅವನು. ಮಾರ್ಚ್ 7ರ ಕೊನೆಯ ತವರಿನ ಆಟದ ದಿನ ಇಎಸ್‌ಪಿಎನ್‌ನ ಗೇಮ್‌ಡೇ ಕಾರ್ಯಕ್ರಮವೂ ಇಲ್ಲಿಂದಲೇ ನಡೆಯಿತು. ಐದು ದಿನಕ್ಕೆ ಕೊರೋನಾದಿಂದ ಟೂರ್ನಮೆಂಟೇ ರದ್ದಾಯಿತು. ದೇಶದ ಮೂರನೇ ಸ್ಥಾನದಲ್ಲಿದ್ದ ತಂಡ ಅಲ್ಲಿಗೇ ನಿಂತಿತು. ಆರೋಗ್ಯದ ದೃಷ್ಟಿಯಿಂದ ಆ ತೀರ್ಮಾನ ಸರಿ. ನೋವು ಮಾತ್ರ ಹಾಗೇ ಉಳಿದಿದೆ, ಅದನ್ನು ಮರೆಯಬೇಕೆಂದೂ ನನಗೆ ಅನಿಸಿಲ್ಲ. ಆ ಸೀಸನ್ ನಮ್ಮ ಊರಿಗೆ ಏನು ಮಾಡಿತು ಎಂಬುದಕ್ಕೆ ಟ್ರೋಫಿಯ ಸಾಕ್ಷಿ ಬೇಕಾಗಿಲ್ಲ.

ಈಗಿನ ಕಷ್ಟ ಬೇರೆ. 2021ರಿಂದ ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಬಹುದು, ಒಂದು ವರ್ಷ ಹೊರಗೆ ಕೂರದೆ ಕಾಲೇಜು ಬದಲಿಸಬಹುದು. 2024ರಿಂದ ಎಷ್ಟು ಸಲ ಬೇಕಾದರೂ ಬದಲಿಸಬಹುದು. ನಾವು ಬೆಳೆಸಿದ ಹುಡುಗನನ್ನು ದೊಡ್ಡ ತಂಡ ಕರೆದುಕೊಂಡು ಹೋಗುವುದು ಮಾಮೂಲಾಗಿದೆ. ಬ್ರೇಯಾ ಕೆಂಟಕಿಗೆ ಹೋದ. 2025ರಲ್ಲಿ ನಮ್ಮ ಪಾಯಿಂಟ್ ಗಾರ್ಡ್ ಮಲಕೈ ಸ್ಮಿತ್ ಯುಕಾನ್‌ಗೆ (ಯೂನಿವರ್ಸಿಟಿ ಆಫ್ ಕನೆಕ್ಟಿಕಟ್) ಹೋದ. ಅರೇನಾದಲ್ಲಿ ಹಲವರು ಇದನ್ನು ದ್ರೋಹ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಒಳ್ಳೆಯ ಅವಕಾಶಕ್ಕಾಗಿ ಊರು ಬಿಟ್ಟು ಬಂದವನು ನಾನು. ಇಪ್ಪತ್ತು ದಾಟಿದ ಹುಡುಗ ಅದೇ ಮಾಡಿದರೆ ಬೈಯುವ ಬಾಯಿ ನನಗಿಲ್ಲ. ಹೋದವರ ಆಟವನ್ನೂ ನೋಡುತ್ತೇನೆ. 2025ರಲ್ಲಿ ಟಾಪಿನ್ ಇಂಡಿಯಾನಾ ಪೇಸರ್ಸ್ ಪರ ಎನ್‌ಬಿಎ ಫೈನಲ್ ಆಡಿದಾಗ ಏಳಕ್ಕೆ ಏಳೂ ಆಟ ನಮ್ಮ ಮನೆಯಲ್ಲಿ ಓಡಿದವು. ಮೇ ತಿಂಗಳಲ್ಲಿ ಹೊಸ ಹುಡುಗರ ಹೆಸರು, ಹಿಂದೆ ಆಡಿದ ಕಾಲೇಜು, ಅಂಕಿಅಂಶ ಹುಡುಕಿ ಓದುತ್ತೇನೆ, ಹಳೆಯ ಆಟಗಳ ವಿಡಿಯೊ ನೋಡುತ್ತೇನೆ. ಮೊದಲ ಆಟದ ದಿನ ಅರೇನಾಗೆ ಹೋಗುವಷ್ಟರಲ್ಲಿ ಅವರು ನನಗೆ ಅಪರಿಚಿತರಾಗಿರಬಾರದು.

ಉಳಿಯುವವರೂ ಇದ್ದಾರೆ ಎಂಬುದನ್ನೂ ಹೇಳಬೇಕು. 2023ರಲ್ಲಿ, ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ಗೆ ಹೆಸರು ಕೊಟ್ಟಿದ್ದ ಹೋಮ್ಸ್ ಅದನ್ನು ಹಿಂದಕ್ಕೆ ಪಡೆದು ಡೇಟನ್‌ಗೇ ಬಂದ. ಮರುವರ್ಷದ ಮಾರ್ಚ್‌ನ ಟೂರ್ನಮೆಂಟ್‌ನಲ್ಲಿ, ಸಾಲ್ಟ್ ಲೇಕ್ ಸಿಟಿಯಲ್ಲಿ ನೆವಾಡಾ ವಿರುದ್ಧ ಹದಿನೇಳು ಪಾಯಿಂಟ್ ಹಿಂದಿದ್ದೆವು, ಉಳಿದದ್ದು ಏಳೆಂಟು ನಿಮಿಷ. ಅಲ್ಲಿಂದ ನಮ್ಮದು 24, ಅವರದು 4; ಗೆದ್ದೆವು 63-60. ಕೋಚ್ ಆಂಥನಿ ಗ್ರಾಂಟ್ ಎಂಬತ್ತರ ದಶಕದಲ್ಲಿ ಇದೇ ಫ್ಲೈಯರ್ಸ್ ಜರ್ಸಿ ತೊಟ್ಟು ಆಡಿದವರು. ಅವತ್ತು ಅವರ ಮುಖ ನೋಡಿ ನನ್ನ ಕಣ್ಣು ತುಂಬಿ ಬಂತು.

ಇನ್ನೊಂದು ರೂಢಿಯಿದೆ, ಅದು ನಮ್ಮ ತಂಡದ್ದಲ್ಲ. ಟೂರ್ನಮೆಂಟ್ ಶುರುವಾಗುವ ಫಸ್ಟ್ ಫೋರ್ ಆಟಗಳು ನಡೆಯುವುದು ಡೇಟನ್‌ನಲ್ಲೇ. ಎಲ್ಲೋ ದೂರದ ಸಣ್ಣ ಕಾಲೇಜುಗಳು ಬರುತ್ತವೆ, ಅವರ ಜೊತೆ ಬರುವ ಅಭಿಮಾನಿಗಳು ಬೆರಳೆಣಿಕೆಯಷ್ಟು. ಸೀಟು ತುಂಬಿಸಿ ಕೂಗುವುದು ಡೇಟನ್ ಜನ. ಆ ಎರಡು ರಾತ್ರಿ ನಾವು ಯಾವುದಾದರೂ ಒಂದು ಸಣ್ಣ ತಂಡವನ್ನು ನಮ್ಮದೆಂದುಕೊಂಡು ಗಂಟಲು ಹರಿಯುವಂತೆ ಕೂಗುತ್ತೇವೆ. 2023ರಲ್ಲಿ ಹಾಗೆ ಕೂಗಿದ್ದು ಫೇರ್ಲಿ ಡಿಕಿನ್ಸನ್‌ಗೆ. ಡಿವಿಷನ್ ಒಂದರಲ್ಲೇ ಅತ್ಯಂತ ಗಿಡ್ಡ ತಂಡ. ಟೆಕ್ಸಸ್ ಸದರ್ನ್ ತಂಡವನ್ನು 84-61ರಿಂದ ಸೋಲಿಸಿದರು. ಅವರು ಚೆಂಡು ಹಿಡಿದವನನ್ನು ಕೋರ್ಟಿನ ಉದ್ದಕ್ಕೂ ಅಟ್ಟಿಸಿಕೊಂಡು ಹೋಗುತ್ತಿದ್ದ ರೀತಿ ನೋಡಿ ಪಕ್ಕದ ಹಿರಿಯರು, ಇವರು ಮುಂದೆಯೂ ಯಾರನ್ನಾದರೂ ಕೆಡವುತ್ತಾರೆ ನೋಡು ಎಂದಿದ್ದರು. ಎರಡು ದಿನದ ಮೇಲೆ ಕೊಲಂಬಸ್‌ನಲ್ಲಿ ಅವರ ಎದುರು ಒಂದನೇ ಸೀಡ್ ಪರ್ಡ್ಯೂ, ಅದರಲ್ಲಿ ಏಳು ಅಡಿ ನಾಲ್ಕು ಇಂಚಿನ ಝ್ಯಾಕ್ ಈಡಿ. ಫೇರ್ಲಿ ಡಿಕಿನ್ಸನ್ 63-58ರಿಂದ ಗೆದ್ದಿತು. ನಮ್ಮ ಮನೆಯಲ್ಲಿ ಮೂವರೂ ಕುರ್ಚಿಯಿಂದ ಎದ್ದು ಕಿರುಚಿದೆವು, ಫೋನಿನಲ್ಲಿ ಆ ಹಿರಿಯರ ಹೆಸರು ಮಿನುಗುತ್ತಿತ್ತು, ಎತ್ತಿಕೊಂಡರೆ ಆ ಕಡೆಯಿಂದಲೂ ಬರೀ ಕಿರುಚಾಟವೇ.